ಹೊರಗೆ 43 ಡಿಗ್ರಿ, ಟ್ಯಾಂಕಿನೊಳಗೆ ಚಿಟ್ಟೆ ಮೀನು

ನಮಸ್ಕಾರ ರೀ ಎಲ್ಲರಿಗೂ. ಈಗ ಸ್ಕ್ರೀನ್ ಮೇಲೆ ಕಾಣುತ್ತಿರೋದು ನಮ್ಮ ಮನೆಯ ಕಾಪರ್‌ಬ್ಯಾಂಡ್ ಬಟರ್‌ಫ್ಲೈ. ಬಿಳಿ ಮೈ, ತಾಮ್ರದ ಬಣ್ಣದ ಪಟ್ಟಿ, ಉದ್ದ ಮೂತಿ, ಬೆನ್ನಿನ ರೆಕ್ಕೆ ಮೇಲೆ ಕಣ್ಣು ಬಿಡಿಸಿದಂತೆ ಒಂದು ಕಪ್ಪು ಬೊಟ್ಟು. ಅಂಡಮಾನ್ ಸಮುದ್ರದಿಂದ ಆಸ್ಟ್ರೇಲಿಯಾದವರೆಗೆ ಹವಳದ ದಿಬ್ಬಗಳಲ್ಲಿ ಸಿಗುವ ಮೀನು ಇದು. ಹೊರಗೆ ಕಲಬುರಗಿಯ ಮೇ ತಿಂಗಳು, 43 ಡಿಗ್ರಿ. ಟ್ಯಾಂಕಿನ ನೀರು 26.

ಮನೆಗೆ ಬಂದವರೆಲ್ಲ ಲೈಟ್ ಯಾವುದು, ಔಷಧಿ ಯಾವುದು ಅಂತ ಕೇಳುತ್ತಾರೆ. ಏನು ತಿನ್ನುತ್ತೆ ಅಂತ ಕೇಳುವವರು ಕಡಿಮೆ. ಬಟರ್‌ಫ್ಲೈ ಸಾಕುವುದರಲ್ಲಿ ಮುಕ್ಕಾಲು ಪಾಲು ಕೆಲಸ ಅದೇ.

ಈ ಕ್ಲೋಸ್‌ಅಪ್ ನೋಡಿ. ಕಲ್ಲಿನ ಸಂದಿಯಲ್ಲಿ ಅರ್ಧ ತೆರೆದ ಕಪ್ಪೆಚಿಪ್ಪು ಸಿಗಿಸಿದ್ದೇನೆ. ಮೀನು ಸೀದಾ ಬಂದು ಬಾಯಿ ಹಾಕುವುದಿಲ್ಲ. ಮೊದಲು ಒಂದು ಕಣ್ಣಿಂದ ನೋಡುತ್ತದೆ. ಮೈ ವಾಲಿಸಿ ಇನ್ನೊಂದು ಕಣ್ಣಿಂದ ನೋಡುತ್ತದೆ. ಆಮೇಲೆ ಮೂತಿ ತುದಿಯಲ್ಲಿ ಒಂದು ಚೂರು ಕಿತ್ತುಕೊಂಡು ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ. ಸಮುದ್ರದಲ್ಲೂ ಅದರ ದಿನ ಕಳೆಯೋದು ಹೀಗೇ, ಸಂದಿಗೊಂದಿಯಲ್ಲಿ ಹುಳ, ಸಣ್ಣ ಸೀಗಡಿ ಹೆಕ್ಕುತ್ತಾ. ಹಾಗಾಗಿ ಒಂದೇ ಸಲ ಜಾಸ್ತಿ ಸುರಿದರೆ ಉಪಯೋಗವಿಲ್ಲ. ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ. ಚಿಪ್ಪಿನ ಮಾಂಸ, ಫ್ರೋಜನ್ ಮೈಸಿಸ್ ಸೀಗಡಿ, ಬ್ರೈನ್ ಶ್ರಿಂಪ್ ಅನ್ನುವ ಉಪ್ಪು ನೀರಿನ ಪುಟ್ಟ ಸೀಗಡಿ. ಕಾಳಿನ ಫುಡ್ಡನ್ನು ಎಷ್ಟೋ ಕಾಪರ್‌ಬ್ಯಾಂಡ್‌ಗಳು ಮೂಸಿ ಕೂಡ ನೋಡುವುದಿಲ್ಲ. ಇಷ್ಟು ಸಲ ಹಾಕಿದರೆ ನೀರು ಕೆಡುತ್ತೆ, ಅದು ನಿಜ. ಅದಕ್ಕೇ ಕೊಳೆಯನ್ನು ನೊರೆ ಮಾಡಿ ಹೊರಗೆ ತೆಗೆಯುವ ದೊಡ್ಡ ಸ್ಕಿಮ್ಮರ್, ವಾರಕ್ಕೊಮ್ಮೆ ನೀರು ಬದಲಾವಣೆ. ಫ್ರಿಜ್‌ನಲ್ಲಿ ಮೈಸಿಸ್ ಡಬ್ಬಿ ಇಡುವುದಕ್ಕೆ ಅವ್ವನ ತಕರಾರು ಇತ್ತು, ಈಗ ಅದಕ್ಕೊಂದು ಸಣ್ಣ ಫ್ರಿಜ್ ಬೇರೆ ಇದೆ.

ಮೀನು ಸೊರಗುತ್ತಿದೆಯಾ ಅಂತ ಗೊತ್ತಾಗಬೇಕು ಅಂದರೆ ಪಕ್ಕದಿಂದ ನೋಡಬೇಡಿ. ಪಕ್ಕದಿಂದ ಅದು ಯಾವಾಗಲೂ ಜೋಳದ ರೊಟ್ಟಿ ಥರ ಅಗಲವಾಗಿಯೇ ಕಾಣುತ್ತದೆ. ನಿಮ್ಮ ಕಡೆ ಮುಖ ಮಾಡಿದಾಗ ನೋಡಿ. ಕಣ್ಣಿನ ಮೇಲ್ಭಾಗದಿಂದ ಬೆನ್ನಿನವರೆಗೆ ದಪ್ಪ ಇದೆಯಾ? ಅಲ್ಲಿ ಚಪ್ಪಟೆಯಾಗಿ ಅಂಚು ಎದ್ದಿದ್ದರೆ, ಹೊಟ್ಟೆ ಒಳಗೆ ಹೋಗಿದ್ದರೆ, ಅದು ಬಹಳ ದಿನದಿಂದ ಉಪವಾಸ ಅಂತ ಲೆಕ್ಕ.

ಇನ್ನು ಬಿಸಿಲು. ನಮ್ಮ ಕಡೆ ಒಂದು ಅನುಕೂಲ ಇದೆ, ಗಾಳಿ ಒಣ. ನೀರಿನ ಮೇಲೆ ಫ್ಯಾನ್ ಹಾಕಿದರೆ ನೀರು ಬೇಗ ಆವಿಯಾಗಿ ಆರುತ್ತದೆ, ಆರುತ್ತಾ ತಂಪಾಗುತ್ತದೆ. ಮನೆಯ ಕೂಲರ್ ಕೆಲಸ ಮಾಡೋದೂ ಹಾಗೇ ಅಲ್ವಾ? ಆದರೆ ಆರೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಟ್ಯಾಂಕಿನ ಕೆಳಗಿರುವ ಸಂಪ್, ಅಂದರೆ ಫಿಲ್ಟರ್ ತೊಟ್ಟಿಯ ಗಾಜಿಗೆ ಅಂಟಿಸಿರುವ ಈ ಕೆಂಪು ಟೇಪ್ ನೋಡಿ. ಬೆಳಗ್ಗೆ ನೀರು ಟೇಪಿನ ಅಂಚಿಗೆ ಇರುತ್ತೆ, ಸಂಜೆಗೆ ಇಳಿದಿರುತ್ತೆ. ಇಳಿದಷ್ಟೂ ಸಿಹಿ ನೀರು ಹಾಕಬೇಕು, ಉಪ್ಪು ನೀರಲ್ಲ. ಸಾಲಿನಿಟಿ, ಅಂದರೆ ನೀರಿನ ಉಪ್ಪಿನ ಅಳತೆ, ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ 1.025ರ ಹತ್ತಿರ ನಿಂತಿರಬೇಕು. ಆ ಸಿಹಿ ನೀರೂ ಆರ್‌ಒ ಆಗಿ, ಉಳಿದ ಲವಣ ಹಿಡಿಯುವ ಡಿಐ ಕಾರ್ಟ್ರಿಜ್ ದಾಟಿ, ಟಿಡಿಎಸ್ (ಕರಗಿದ ಲವಣದ ಅಳತೆ) ಸೊನ್ನೆ ತೋರಿಸಬೇಕು. ನಮ್ಮ ಬೋರ್‌ವೆಲ್ ನೀರು ಗೊತ್ತಲ್ಲ, ಕೊಡದ ಒಳಗೆ ಬಿಳಿ ಪದರ ಕಟ್ಟುವ ನೀರು.

ಏಪ್ರಿಲ್ ಆದಮೇಲೆ ಫ್ಯಾನ್ ಸಾಲುವುದಿಲ್ಲ, ಚಿಲ್ಲರ್ ಬೇಕೇ ಬೇಕು. ಚಿಲ್ಲರ್ ನೀರಿನ ಬಿಸಿ ತೆಗೆದು ಕೋಣೆಗೆ ಬಿಡುತ್ತದೆ. ಅದಕ್ಕೆ ಅದನ್ನು ಹಿತ್ತಲ ಕಡೆ ನೆರಳಲ್ಲಿಟ್ಟು ಪೈಪ್ ಎಳೆದಿದ್ದೇವೆ. ಬಿಲ್ ಬಂದಾಗ ಅವ್ವ ಹೇಳಿದ್ದು: "ನಮಗ ಕೂಲರ್, ಅದಕ್ಕ ಎಸಿ ಏನಪಾ!" ಕರೆಂಟ್ ಹೋದರೆ ಇನ್ವರ್ಟರ್‌ಗೆ ಮೊದಲು ಪಂಪ್, ಲೈಟ್ ಆಮೇಲೆ. ಬಿಸಿ ನೀರಲ್ಲಿ ಆಕ್ಸಿಜನ್ ಕಡಿಮೆ, ನೀರು ಅಲುಗಾಡದಿದ್ದರೆ ಇನ್ನೂ ಕಡಿಮೆ.

ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಟ್ಯಾಂಕಿಗೆ ಹಾಕಬಹುದಾ ಅಂತ ಒಬ್ಬರು ಕೇಳಿದರು. ಸುಣ್ಣವೇನೋ ಹೌದು, ಆದರೆ ತುಂಬಾ ಗಟ್ಟಿ. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಕ್ಕೆ ತೂತು ತೂತಿನ ಕಲ್ಲು ಬೇಕು. ಶಹಾಬಾದ್ ಚಪ್ಪಡಿ ಸ್ಟ್ಯಾಂಡ್ ಕೆಳಗೆ ಇರಲಿ, ಅಲ್ಲಿ ಅದನ್ನು ಮೀರಿಸುವ ಕಲ್ಲಿಲ್ಲ.

ನಮ್ಮೂರಿಗೆ ಮೀನು ಮುಂಬೈ ಅಥವಾ ಹೈದರಾಬಾದಿನಿಂದ ಬರಬೇಕು, ರಾತ್ರಿಯೆಲ್ಲ ಚೀಲದಲ್ಲಿ. ಆ ಚೀಲದಲ್ಲಿ ಅಮೋನಿಯಾ ಕೂಡಿರುತ್ತದೆ. ಚೀಲ ಮುಚ್ಚಿರುವಾಗ ಪಿಎಚ್ ಇಳಿದಿರೋದರಿಂದ ಅದರ ವಿಷ ಕಡಿಮೆ. ಬಿಚ್ಚಿದ ಕೂಡಲೇ ಪಿಎಚ್ ಏರುತ್ತದೆ, ವಿಷವೂ ಏರುತ್ತದೆ. ಹಾಗಾಗಿ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುತ್ತಾ ಕೂರುವುದು ಬೇಡ. ಬೇರೆ ಕ್ವಾರಂಟೈನ್ ಟ್ಯಾಂಕಿನ ಸಾಲಿನಿಟಿಯನ್ನು ಮೊದಲೇ ಚೀಲದ ನೀರಿಗೆ ಹೊಂದಿಸಿಟ್ಟು, ಚೀಲ ತೇಲಿಸಿ ಬಿಸಿ ಸಮ ಮಾಡಿ, ಮೀನನ್ನು ಬೇಗ ದಾಟಿಸಿ. ಅಲ್ಲಿ ಕನಿಷ್ಠ ನಾಲ್ಕು ವಾರ. ಬಟರ್‌ಫ್ಲೈಗಳಿಗೆ ಕಿವಿರಿನ ಹುಳದ ಕಾಟ ಜಾಸ್ತಿ, ಅದಕ್ಕೆ ಪ್ರಾಜಿಕ್ವಾಂಟೆಲ್ ಅನ್ನುವ ಹುಳದ ಔಷಧಿ ಕೆಲಸ ಮಾಡುತ್ತದೆ. ತಾಮ್ರದ ಔಷಧಿ ಏನಿದ್ದರೂ ಕ್ವಾರಂಟೈನ್‌ನಲ್ಲೇ ಮುಗಿಯಲಿ. ರೀಫ್ ಟ್ಯಾಂಕಿಗೆ ಹಾಕಿದರೆ ಹವಳ, ಸೀಗಡಿ ಎಲ್ಲ ಸಾಯುತ್ತವೆ. ರೆಕ್ಕೆ ಅಂಚಿನಲ್ಲಿ ಹೂಕೋಸಿನ ಚೂರಿನಂತೆ ಬಿಳಿ ಗಂಟು ಕಂಡರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ಲಿಂಫೋಸಿಸ್ಟಿಸ್ ಅನ್ನುವ ವೈರಸ್. ಒಳ್ಳೆ ನೀರು, ಒಳ್ಳೆ ಆಹಾರ ಇದ್ದರೆ ತಾನಾಗಿಯೇ ಹೋಗುತ್ತದೆ.

ಹವಳದ ವಿಷಯ ಒಂದು ಮಾತು. ನಮ್ಮ ಸಮುದ್ರದ ಗಟ್ಟಿ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಯಲ್ಲಿದೆ. ಅಗ್ಗಕ್ಕೆ ಕೊಡುತ್ತೇವೆ ಅಂದರೂ ಮುಟ್ಟಬೇಡಿ.

ಹಾಗಾದರೆ ಯಾವ ಬಟರ್‌ಫ್ಲೈ ತರೋದು? ಮೇಯರ್ಸ್, ಆರ್ನೇಟ್, ಶೆವ್ರಾನ್ ಬಿಟ್ಟುಬಿಡಿ, ಅವು ಬದುಕುವುದೇ ಹವಳ ತಿಂದು. ಮೊದಲ ಸಲ ಸಾಕುವವರಿಗೆ ಪಿರಮಿಡ್ ಚೆಂದ. ಅದು ನೀರಲ್ಲಿ ತೇಲಿ ಬರುವ ಸಣ್ಣ ಜೀವಿಗಳನ್ನು ತಿನ್ನುತ್ತೆ, ಹವಳದ ಗೊಡವೆಗೆ ಹೋಗುವುದು ಅಪರೂಪ. ಕಾಪರ್‌ಬ್ಯಾಂಡ್ ಟ್ಯಾಂಕಿನಲ್ಲಿ ಕಳೆಯಂತೆ ಹಬ್ಬುವ ಐಪ್ಟೇಸಿಯಾ ಅನ್ನುವ ಸಣ್ಣ ಅನಿಮೋನ್‌ಗಳನ್ನು ತಿನ್ನುತ್ತೆ ಅಂತ ತರುವವರು ಬಹಳ ಜನ. ಕೆಲವು ತಿನ್ನುತ್ತವೆ, ಕೆಲವು ತಿರುಗಿಯೂ ನೋಡುವುದಿಲ್ಲ. ಆದರೂ ಅದೇ ಬೇಕು ಅಂದರೆ ಅಂಗಡಿಯವರಿಗೆ ಮೈಸಿಸ್ ಹಾಕಿ ವಿಡಿಯೋ ಕಳಿಸಿ ಅನ್ನಿ. ಮೀನು ತಿನ್ನೋದು ಕಾಣಬೇಕು. ವಿಡಿಯೋ ಬರದಿದ್ದರೆ ದುಡ್ಡು ಹಾಕಬೇಡಿ.