ಮ್ಯಾಪಲ್ಲಿ ಮೂರು ಗಂಟೆ, ಮಗು ಜೊತೆ ಐದು: ನ್ಯೂಜಿಲೆಂಡ್ ಕಾರ್ ಟ್ರಿಪ್ ಪ್ಲಾನಿಂಗ್

ನಮಸ್ಕಾರ, ಬನ್ನಿ. ನೆಲದ ಮೇಲೆ ಹರಡಿರೋದು ನ್ಯೂಜಿಲೆಂಡಿನ ದಕ್ಷಿಣ ದ್ವೀಪ. ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿಯೋದು, ಕ್ವೀನ್ಸ್‌ಟೌನ್‌ನಲ್ಲಿ ವಿಮಾನ ಹತ್ತೋದು, ಮಧ್ಯೆ ಏಳು ರಾತ್ರಿ. ಎರಡು ವರ್ಷದೊಳಗಿನ ಮಗು ಇರೋ ಮನೆಯವರಿಗೆ ಅಂತಲೇ ಈ ಪ್ಲಾನು. ವೀಸಾ, ಟಿಕೆಟ್ ವಿಷ್ಯ ಪರದೆ ಮೇಲೆ ಓಡ್ತಿದೆ, ನಾನು ಓದಲ್ಲ. ಮಗುವಿಗೂ ಬೇರೆ ವೀಸಾ ಬೇಕು, ಅಷ್ಟು ನೆನಪಿಟ್ಕೊಳ್ಳಿ.

ಈ ಕೆಂಪು ಗೆರೆ ನೋಡಿ. ಕ್ರೈಸ್ಟ್‌ಚರ್ಚ್‌ನಿಂದ ಟೆಕಪೊ ಸುಮಾರು 226 ಕಿ.ಮೀ. ಮ್ಯಾಪು ಮೂರು ಗಂಟೆ ಅನ್ನುತ್ತೆ. ಅದು ಎಲ್ಲೂ ನಿಲ್ಲದೆ ಹೋಗೋರ ಲೆಕ್ಕ. ಮಗುನ ಒಂದೂವರೆ ಗಂಟೆಗೊಮ್ಮೆ ಸೀಟಿಂದ ಎತ್ತಬೇಕು, ಎರಡು ಗಂಟೆ ದಾಟಿಸಲೇಬಾರದು. ಹಾಗಾಗಿ ಜೆರಲ್ಡೀನ್‌ನಲ್ಲಿ ಊಟ, ಫೇರ್ಲಿಯಲ್ಲಿ ಇನ್ನೊಂದು ನಿಲುಗಡೆ. ಬೆಳಗ್ಗೆ ಹತ್ತಕ್ಕೆ ಹೊರಟರೆ ತಲುಪೋದು ಮೂರಕ್ಕೆ. ಇದನ್ನ ತಡ ಅನ್ಕೋಬೇಡಿ, ಇದೇ ಸರಿಯಾದ ವೇಗ.

ಇಳಿದ ದಿನ ಮಾತ್ರ ಈ ದಾರಿ ಹಿಡಿಯಲೇಬೇಡಿ. ಅಲ್ಲಿನ ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ 9 ಅಂದ್ರೆ ಇಲ್ಲಿ ರಾತ್ರಿ ಒಂದೂವರೆ. ಮಗು ಹಿಂದಿನ ಸೀಟಲ್ಲಿ ನಿದ್ದೆ ಹೋಗುತ್ತೆ, ಸರಿ. ಸ್ಟೀರಿಂಗ್ ಹಿಡಿದೋರ ಮೈಗೂ ಅದು ನಡುರಾತ್ರಿನೇ ಅಲ್ವಾ? ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ರಾತ್ರಿ ಇರಿ. ಕಾರನ್ನ ಮೂರನೇ ದಿನ ಬೆಳಗ್ಗೆ ತಗೊಂಡ್ರೆ ಎರಡು ದಿನದ ಬಾಡಿಗೆನೂ ಉಳಿಯುತ್ತೆ.

ಈಗ ಬೇಸ್‌ಮೆಂಟಿಗೆ ಬಂದಿದೀವಿ. ಬೆಳಕು ಕಮ್ಮಿ, ಕ್ಯಾಮೆರಾ ಹತ್ರ ತರ್ತೀನಿ. ಇವತ್ತು ಇದೊಂದನ್ನ ಪೂರ್ತಿ ನೋಡಲೇಬೇಕು: ಮಗು ಸೀಟು. ನ್ಯೂಜಿಲೆಂಡಿನಲ್ಲಿ ಏಳನೇ ಹುಟ್ಟುಹಬ್ಬದ ತನಕ ಮಕ್ಕಳು ಅಂಗೀಕೃತ ಸೀಟಲ್ಲೇ ಕೂರಬೇಕು ಅನ್ನೋದು ಕಾನೂನು. ತೊಡೆ ಮೇಲೆ ಕೂರಿಸ್ಕೊಳ್ಳೋ ಮಾತೇ ಇಲ್ಲ.

ಬಾಡಿಗೆ ಕಾರಿನ ಫಾರ್ಮಿನಲ್ಲಿ ‘ಟಾಡ್ಲರ್ ಸೀಟ್’ ಅಂತ ಒಂದು ಟಿಕ್ ಇರುತ್ತೆ, ದಿನಕ್ಕಿಷ್ಟು ಅಂತ ದರ. ಎಲ್ಲ ಎಡವಟ್ಟೂ ಶುರುವಾಗೋದು ಆ ಟಿಕ್‌ನಿಂದ. ಸೀಟು ಹಿಂದಕ್ಕೆ ಮುಖ ಮಾಡೋದಾ, ಮುಂದಕ್ಕಾ? ಎಷ್ಟು ಕಿಲೋವರೆಗೆ? ಅದು ಹೇಳಲ್ಲ. ಕೌಂಟರಿಗೆ ಹೋದಾಗ ಮುಂದಕ್ಕೆ ಮುಖದ ಸೀಟು ಕೈಗಿಡ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಹಿಂದಕ್ಕೆ ಮುಖದ ಸೀಟೇ ಬೇಕು. ಡಿಕ್ಕಿಯಾದಾಗ ಆ ಪುಟ್ಟ ಕುತ್ತಿಗೆ ಮೇಲೆ ತಲೆಯ ಭಾರ ಪೂರ್ತಿ ಬೀಳದಂತೆ ಸೀಟಿನ ಬೆನ್ನು ತಡೆಯುತ್ತೆ. ಹಾಗಾಗಿ ಬುಕ್ ಮಾಡೋವಾಗಲೇ ಮಗುವಿನ ತೂಕ, ಎತ್ತರ, ‘ಹಿಂದಕ್ಕೆ ಮುಖ’ ಮೂರನ್ನೂ ಮೇಲ್‌ನಲ್ಲಿ ಬರೆದು, ಉತ್ತರ ತರಿಸ್ಕೊಂಡು ಇಟ್ಕೊಳ್ಳಿ.

ಇನ್ನೊಂದು ತಲೆನೋವು. ಬಹಳ ಕಡೆ ಸೀಟು ಕೊಡ್ತಾರೆ, ಕಾರಿಗೆ ಕೂರಿಸಿ ಕೊಡಲ್ಲ. ಹೆಚ್ಚುಕಮ್ಮಿಯಾದ್ರೆ ಹೊಣೆ ಬರುತ್ತೆ ಅಂತ ಅವರ ನಿಯಮ. ಪಾರ್ಕಿಂಗ್ ಜಾಗದಲ್ಲಿ, ಗಾಳಿ ಬೀಸ್ತಿರುವಾಗ, ಅಳೋ ಮಗುನ ಒಬ್ಬರು ಎತ್ಕೊಂಡು, ಇನ್ನೊಬ್ಬರು ಹೊಸ ಸೀಟಿನ ಪಟ್ಟಿ ಬಿಡಿಸ್ತಾ ಕೂರಬೇಕು. ಅದಕ್ಕೇ ಇಲ್ಲಿಂದಲೇ ಸೀಟು ಒಯ್ಯೋದು ಒಳ್ಳೇದು ಅಂತೀನಿ. ಬಹಳಷ್ಟು ವಿಮಾನ ಸಂಸ್ಥೆಗಳು ಮಗುವಿನ ಸೀಟಿಗೆ ಲಗೇಜ್ ಚಾರ್ಜ್ ಹಾಕಲ್ಲ. ನಿಮ್ಮ ಟಿಕೆಟ್ಟಿನ ನಿಯಮ ಒಮ್ಮೆ ಓದ್ಕೊಳ್ಳಿ. ಒಯ್ಯೋದಾದ್ರೆ ಈ ಕಿತ್ತಳೆ ಲೇಬಲ್ ಹುಡುಕಿ. ಕಾಣ್ತಿದೆಯಾ? ವೃತ್ತದೊಳಗೆ ದೊಡ್ಡ ‘ಇ’, ಮೇಲೆ ಇಸಿಇ ಆರ್44 ಅಥವಾ ಆರ್129, ಅಂದ್ರೆ ಮಕ್ಕಳ ಸೀಟಿನ ಸುರಕ್ಷತಾ ಮಾನದಂಡದ ನಂಬರು. ಇದನ್ನ ಅಲ್ಲಿ ಒಪ್ತಾರೆ. ಅಮೆರಿಕದಿಂದ ನೆಂಟರು ತಂದ ಸೀಟಾದ್ರೆ ಅದರ ಮೇಲೆ ನ್ಯೂಜಿಲೆಂಡಿನ ‘ಎಸ್’ ಗುರುತು ಇರಬೇಕು, ಇಲ್ಲಾಂದ್ರೆ ಒಪ್ಪಲ್ಲ.

ಕೂರಿಸೋದು ನೋಡಿ. ಐಸೋಫಿಕ್ಸ್, ಅಂದ್ರೆ ಮಗು ಸೀಟನ್ನ ನೇರ ಕಾರಿಗೇ ಸಿಕ್ಕಿಸೋ ಕೊಂಡಿ, ಎರಡೂ ಕಡೆ ಕ್ಲಿಕ್, ಕೆಂಪು ಹೋಗಿ ಹಸಿರು ಬಂತು. ಈಗ ಬುಡದ ಹತ್ರ ಹಿಡಿದು ಎಡಬಲ ಅಲ್ಲಾಡಿಸ್ತೀನಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಜರುಗಬಾರದು. ಸೀಟಿಗೆ ಮೇಲಿನ ಪಟ್ಟಿ ಇದ್ರೆ ಅದರ ಕೊಕ್ಕೆ ಕಾರಿನ ಹಿಂದಿನ ಸೀಟಿನ ಬೆನ್ನಿಗೋ ಲಗೇಜ್ ಇಡೋ ಡಿಕ್ಕಿಯ ನೆಲಕ್ಕೋ ಸಿಕ್ಕಿಸಬೇಕು. ಸಾಮಾನು ಕಟ್ಟೋ ಬಳೆ ಬೇರೆ, ಇದರ ಬಳೆ ಬೇರೆ, ಗಲಿಬಿಲಿ ಮಾಡ್ಕೋಬೇಡಿ. ಜಪಾನಿನಿಂದ ಬಂದ ಹಳೇ ಕಾರುಗಳು ಅಲ್ಲಿ ಜಾಸ್ತಿ, ಕೆಲವಕ್ಕೆ ಈ ಕೊಕ್ಕೆಯ ಬೋಲ್ಟೇ ಇರಲ್ಲ. ತೀರಾ ಅಗ್ಗದ ಬಾಡಿಗೆ ಕಾರು ಬೇಡ ಅನ್ನೋದು ಅದಕ್ಕೇ.

ಇನ್ನು ಮಗುವಿನ ಪಟ್ಟಿ. ಹಿಂದಕ್ಕೆ ಮುಖ ಇದ್ದಾಗ ಪಟ್ಟಿ ಹೊರಬರೋ ಸೀಳು ಹೆಗಲ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಬೇಕು. ಬಿಗಿದಾದ್ಮೇಲೆ ಹೆಗಲ ಮೂಳೆ ಹತ್ರ ಪಟ್ಟಿನ ಹೆಬ್ಬೆರಳು, ತೋರುಬೆರಳಲ್ಲಿ ಹೀಗೆ ಚಿವುಟಿ. ಬೆರಳಿಗೆ ಮಡಿಕೆ ಸಿಕ್ತು, ಅಂದ್ರೆ ಸಡಿಲ. ಇನ್ನೊಂದು ಎಳೆತ. ಈಗ ಬೆರಳು ಜಾರ್ತಿದೆ, ಸರಿಯಾಯ್ತು. ದಪ್ಪ ಜಾಕೆಟ್ ಹಾಕಿ ಬಿಗಿದ್ರೆ ಜಾಕೆಟ್ಟೇ ಬಿಗಿಯಾಗುತ್ತೆ, ಮಗು ಒಳಗೆ ಸಡಿಲ. ಜಾಕೆಟ್ ಬಿಚ್ಚಿ, ಪಟ್ಟಿ ಕಟ್ಟಿ, ಮೇಲೆ ಹೊದಿಕೆ ಹಾಕಿ. ಹಿಂದಕ್ಕೆ ಮುಖದ ಸೀಟು ಹಾಕಿದ್ರೆ ಮುಂದೆ ಕೂರೋರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತೆ, ನೋಡಿ ಹೇಗೆ ಒತ್ತುತ್ತಿದೆ. ಎರಡು ದೊಡ್ಡ ಸೂಟ್‌ಕೇಸ್, ಒಂದು ಸ್ಟ್ರಾಲರ್ ಇದ್ದೋರು ಸಣ್ಣ ಹ್ಯಾಚ್‌ಬ್ಯಾಕ್ ಬುಕ್ ಮಾಡಬೇಡಿ.

ಸರಿ, ಮೇಲೆ ಹೋಗೋಣ, ಮ್ಯಾಪು ಕಾಯ್ತಿದೆ.

ದಾರಿ ನಮ್ಮ ಥರಾನೇ ಎಡಗಡೆ, ಸ್ಟೀರಿಂಗ್ ಬಲಗಡೆ. ಇಂಗ್ಲಿಷಿನಲ್ಲಿರೋ ನಮ್ಮ ಲೈಸೆನ್ಸ್ ನಡೆಯುತ್ತೆ. ಹೆದ್ದಾರಿಯಲ್ಲಿ 100, ಊರೊಳಗೆ ಸಾಮಾನ್ಯವಾಗಿ 50. ನಮಗೆ ಹೊಸದು ಒಂದೇ ಸಾಲಿನ ಸೇತುವೆ. ಬೋರ್ಡಲ್ಲಿ ಎರಡು ಬಾಣ ಇರುತ್ತೆ. ನಿಮ್ಮ ದಿಕ್ಕಿನದು ಚಿಕ್ಕ ಕೆಂಪು ಬಾಣ ಆದ್ರೆ ನೀವು ನಿಂತು, ಎದುರಿನವರನ್ನ ಬಿಡಬೇಕು. ಮೊದಲು ನುಗ್ಗಿದವರದ್ದು ಸೇತುವೆ ಅನ್ನೋ ನಮ್ಮ ಅಭ್ಯಾಸ ಅಲ್ಲಿ ಅಪಾಯ.

ಟೆಕಪೊದಲ್ಲಿ ಎರಡು ರಾತ್ರಿ. ಮಧ್ಯದ ದಿನ ಪುಕಾಕಿ ಸರೋವರದ ಪಕ್ಕದ ದಾರಿಯಲ್ಲಿ ಮೌಂಟ್ ಕುಕ್ ಹಳ್ಳಿ ತನಕ ಹೋಗಿ ಬನ್ನಿ, ಒಂದು ಕಡೆಗೆ ನೂರು ಚಿಲ್ಲರೆ ಕಿ.ಮೀ. ಹಿಮನದಿ ಅರೆದ ಕಲ್ಲಿನ ಹಿಟ್ಟು ನೀರಲ್ಲಿ ತೇಲೋದರಿಂದ ಆ ಹಾಲು ಬೆರೆಸಿದಂಥ ನೀಲಿ. ಎದುರಿಗೆ 3,724 ಮೀಟರಿನ ಶಿಖರ. ಆಮೇಲೆ 971 ಮೀಟರ್ ಎತ್ತರದ ಲಿಂಡಿಸ್ ಕಣಿವೆದಾರಿ ದಾಟಿ, ಸರೋವರದ ದಡದ ಊರು ವಾನಕ. ಕ್ವೀನ್ಸ್‌ಟೌನ್‌ನಲ್ಲಿ ಮೂರು ರಾತ್ರಿ ಅಂತ ಮೊದಲು ಬರೆದಿತ್ತು, ಹೊಡೆದು ಹಾಕ್ತಿದೀನಿ. ಆ ಮೂರೂ ವಾನಕಕ್ಕೆ. ದಡ ಸಮತಟ್ಟು, ಪಕ್ಕದಲ್ಲೇ ಡೈನೋಸಾರ್ ಜಾರುಬಂಡೆ ಇರೋ ಪಾರ್ಕು. ಕೊನೇ ದಿನ ಏರ್‌ಪೋರ್ಟಿಗೆ ಕ್ರೌನ್ ರೇಂಜ್ ದಾರಿ ಹತ್ತಿರ, ಆದ್ರೆ 1,076 ಮೀಟರ್ ಎತ್ತರದ ತನಕ ಏರಿ ಸುತ್ತು ಸುತ್ತಾಗಿ ಇಳಿಯುತ್ತೆ. ಹಾಲು ಕುಡಿದ ಮಗುವಿಗೆ ಅದು ಬೇಡ, ಕ್ರಾಮ್‌ವೆಲ್ ಮೇಲೆ ಬನ್ನಿ.

ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರೋ ಮಿಲ್ಫರ್ಡ್ ಸೌಂಡ್ ಯಾಕಿಲ್ಲ ಅಂತೀರಿ. ಕ್ವೀನ್ಸ್‌ಟೌನ್‌ನಿಂದ ಹೋಗೋಕೇ ನಾಲ್ಕು ಗಂಟೆ, ಅದೇ ದಾರೀಲಿ ವಾಪಸ್ ಇನ್ನು ನಾಲ್ಕು. ಮಗುನ ಎಂಟು ಗಂಟೆ ಪಟ್ಟಿಯಲ್ಲಿ ಕಟ್ಟಿ ಎರಡು ಗಂಟೆ ದೋಣಿ ತೋರಿಸೋದು ನ್ಯಾಯ ಅಲ್ಲ.

ತಿಂಗಳಿನ ಬಗ್ಗೆ ಮಾತ್ರ ನನ್ನ ಮಾತು ವಾಪಸ್. ಹಿಂದಿನ ವೀಡಿಯೋದಲ್ಲಿ ಡಿಸೆಂಬರ್ ಅಂದಿದ್ದೆ, ಲೂಪಿನ್ ಹೂವಿನ ಆಸೆಗೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತರ ಮೇಲೆ. ಕಿಟಕಿಯಲ್ಲಿ ಬೆಳಕಿದ್ರೆ ಮಗು ಮಲಗಲ್ಲ, ಮಗು ಮಲಗದೆ ದೊಡ್ಡೋರು ಮರುದಿನ ಕಾರು ಓಡಿಸೋದು ಹೇಗೆ? ಟೆಕಪೊ ಸುತ್ತಿನ ಪ್ರದೇಶ 2012ರಿಂದ ಅಂತರರಾಷ್ಟ್ರೀಯ ಕಗ್ಗತ್ತಲ ಆಕಾಶದ ರಕ್ಷಿತ ತಾಣ. ಡಿಸೆಂಬರಿನಲ್ಲಿ ಆ ನಕ್ಷತ್ರ ನೋಡೋಕೆ ಹನ್ನೊಂದರ ತನಕ ಕಾಯಬೇಕು. ಮಾರ್ಚ್ ಕೊನೆಗೆ ಹೋಗಿ, ಎಂಟಕ್ಕೆಲ್ಲ ಸಂಜೆಗತ್ತಲು. ಆದ್ರೂ ಈ ಕಪ್ಪು ಬಟ್ಟೆ, ಎಂಟು ಕ್ಲಿಪ್ಪು ಬ್ಯಾಗಿಗೆ ಹಾಕ್ತಿದೀನಿ, ಮೋಟೆಲ್ ಪರದೆ ನಂಬಬೇಡಿ. ಮೋಟೆಲಲ್ಲಿ ಸಾಮಾನ್ಯವಾಗಿ ಪುಟ್ಟ ಅಡುಗೆಮನೆ ಇರುತ್ತೆ, ಅನ್ನ ಮಾಡ್ಕೋಬಹುದು. ಮಗುವಿನ ಮಂಚ ಮೊದಲೇ ಕೇಳಿ, ‘ಪೋರ್ಟಕಾಟ್’ ಅಂದ್ರೆ ಅವರಿಗೆ ಅರ್ಥ ಆಗುತ್ತೆ.

ಕೊನೇ ಡಬ್ಬಿ ಇದು, ರಾಗಿ ಸರಿ. ಮನೇಲಿ ಬೀಸಿದ್ದು, ಲೇಬಲ್ ಇಲ್ಲ. ಬೇಡ, ವಾಪಸ್ ತೆಗೀತೀನಿ. ಅಂಗಡಿಯ ಮುಚ್ಚಿದ ಪ್ಯಾಕೆಟ್, ಪದಾರ್ಥಗಳ ಹೆಸರು ಅಚ್ಚಾಗಿರೋದು ಹಾಕಿ. ಅದನ್ನೂ ಆಗಮನ ಘೋಷಣೆಯಲ್ಲಿ ತಿಂಡಿ ಇದೆ ಅಂತ ಬರೀರಿ. ಬರೆದ್ರೆ ಅಧಿಕಾರಿ ನೋಡಿ ಬಿಡ್ತಾರೆ, ಇಲ್ಲಾ ತೆಗೆದಿಟ್ಕೊಳ್ತಾರೆ. ಬರೀದೆ ಸಿಕ್ಕಿದ್ರೆ 400 ಡಾಲರ್ ದಂಡ. ಜೇನುತುಪ್ಪ ಒಯ್ಯಲೇಬೇಡಿ, ಒಂದು ಚಮಚದಷ್ಟೂ. ಕರಿಬೇವೂ ಬೇಡ.

ಜಿಪ್ ಹಾಕಿದ್ದಾಯ್ತು. ಸೀಟಿಗೆ ದಪ್ಪ ಚೀಲ ನಾಳೆ ಬರುತ್ತೆ, ತಲೆ ಬರೋ ಕಡೆ ಎರಡು ಟವೆಲ್ ಸುತ್ತಿ ಕಳಿಸಬೇಕು. ಒಳಗಿನ ಥರ್ಮಾಕೋಲ್ ಬಿರುಕು ಬಿಟ್ರೆ ಆ ಸೀಟು ಮತ್ತೆ ಬಳಸೋ ಹಾಗಿಲ್ಲ.