ಪ್ರತಿ ಬಂದೂಕು ಮಾರಾಟಕ್ಕೂ ತಪಾಸಣೆ ಬೇಕು

ಕೇಳುಗರಿಗೆಲ್ಲ ನಮಸ್ಕಾರ. ಬಂದೂಕು ಹಿಂಸೆಯನ್ನು ತಗ್ಗಿಸಲು ಅಮೆರಿಕದ ಶಾಸನಕರ್ತರು ಮಾಡಬಹುದಾಗಿದ್ದೂ ಇದುವರೆಗೆ ಮಾಡದೆ ಬಿಟ್ಟಿರುವ ಒಂದು ಕೆಲಸದ ಬಗ್ಗೆ ಈ ಹೊತ್ತು ಮಾತನಾಡುತ್ತೇನೆ.

ಆ ದೇಶದಲ್ಲಿ ಪರವಾನಗಿ ಪಡೆದ ಅಂಗಡಿಯಲ್ಲಿ ಬಂದೂಕು ಕೊಳ್ಳುವವರು 4473 ಎಂಬ ಸಂಖ್ಯೆಯ ನಮೂನೆಯೊಂದನ್ನು ತುಂಬಬೇಕು. ಗಂಭೀರ ಅಪರಾಧಕ್ಕೆ ಶಿಕ್ಷೆಯಾಗಿದೆಯೇ, ಮಾದಕ ವಸ್ತುವಿನ ಚಟವಿದೆಯೇ, ಸಂಗಾತಿಗೆ ಬೆದರಿಕೆ ಒಡ್ಡಬಾರದೆಂದು ನ್ಯಾಯಾಲಯದ ಆದೇಶವಿದೆಯೇ ಎಂದು ಅದರಲ್ಲಿ ಒಂದೊಂದಾಗಿ ಕೇಳಲಾಗುತ್ತದೆ. ಅಂಗಡಿಯವರು ಕೊಳ್ಳುವವರ ವಿವರವನ್ನು ಎಫ್‌ಬಿಐ 1998ರಿಂದ ನಡೆಸುತ್ತಿರುವ ತಪಾಸಣಾ ವ್ಯವಸ್ಥೆಗೆ ಕಳಿಸುತ್ತಾರೆ. ಮಾರಬಹುದೋ ಮಾರಕೂಡದೋ ಎಂಬ ಉತ್ತರ ಬಹುಪಾಲು ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಆದರೆ ಅಂಥದ್ದೇ ಬಂದೂಕನ್ನು ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯೊಬ್ಬರಿಂದ ಕೊಂಡರೆ, ಒಕ್ಕೂಟದ ಕಾನೂನಿನ ಪ್ರಕಾರ ಈ ತಪಾಸಣೆ ಕಡ್ಡಾಯವಲ್ಲ. ಹಲವು ರಾಜ್ಯಗಳು ತಮ್ಮದೇ ಕಾನೂನಿನಿಂದ ಈ ದಾರಿಯನ್ನು ಮುಚ್ಚಿವೆ. ಟೆಕ್ಸಸ್ ಮುಚ್ಚಿಲ್ಲ.

2019ರ ಆಗಸ್ಟ್ 31ರಂದು ಅದೇ ಟೆಕ್ಸಸ್‌ನ ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾ ನಗರಗಳಲ್ಲಿ ಒಬ್ಬಾತ ವಾಹನದಲ್ಲಿ ಓಡಾಡುತ್ತಲೇ ಏಳು ಮಂದಿಯನ್ನು ಗುಂಡಿಟ್ಟು ಕೊಂದ. 2014ರಲ್ಲಿ ಅಂಗಡಿಯೊಂದರಲ್ಲಿ ಬಂದೂಕು ಕೊಳ್ಳಲು ಹೋಗಿ, ತಪಾಸಣೆಯಲ್ಲಿ ಅನರ್ಹನೆಂದು ಗೊತ್ತಾಗಿ ಬರಿಗೈಯಲ್ಲಿ ಹಿಂದಿರುಗಿದ್ದವನು ಈತ. ವ್ಯವಸ್ಥೆ ಅಂದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಎರಡು ವರ್ಷಗಳ ಬಳಿಕ ಅವನು ಖಾಸಗಿ ಮಾರಾಟಗಾರನೊಬ್ಬನಿಂದ, ಯಾವ ತಪಾಸಣೆಯೂ ಇಲ್ಲದೆ, ರೈಫಲ್ ಕೊಂಡ. ಮಾರಿದಾತನಿಗೆ ಪರವಾನಗಿಯಿಲ್ಲದೆ ವ್ಯಾಪಾರ ನಡೆಸಿದ ಅಪರಾಧಕ್ಕೆ ಮುಂದೆ ಎರಡು ವರ್ಷ ಸೆರೆವಾಸವಾಯಿತು, ನಿಜ; ಅಷ್ಟರಲ್ಲಿ ಏಳು ಮನೆಗಳಲ್ಲಿ ಸಾವು ಸಂಭವಿಸಿಯಾಗಿತ್ತು.

ಇದಕ್ಕಿಂತಲೂ ನನ್ನನ್ನು ನೋಯಿಸುವುದು ಆ ದಾಳಿ ನಡೆದ 2019ರದೇ ಫೆಬ್ರವರಿಯ ಸಂಗತಿ. ಖಾಸಗಿ ಮಾರಾಟಗಳಿಗೂ ತಪಾಸಣೆಯನ್ನು ಕಡ್ಡಾಯಗೊಳಿಸುವ ಮಸೂದೆಗೆ ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಆಗಲೇ 240ಕ್ಕೆ 190 ಮತಗಳಿಂದ ಒಪ್ಪಿಗೆ ನೀಡಿತ್ತು. ಮೇಲ್ಮನೆಯಾದ ಸೆನೆಟ್ ಅದನ್ನು ಮತಕ್ಕೆ ಹಾಕಲೇ ಇಲ್ಲ. 2021ರಲ್ಲಿ ಪ್ರತಿನಿಧಿ ಸಭೆ ಮತ್ತೊಮ್ಮೆ ಒಪ್ಪಿಗೆ ಕೊಟ್ಟಾಗಲೂ ಅದೇ ಗತಿಯಾಯಿತು. ಇನ್ನೂ ಹಿಂದಕ್ಕೆ ಹೋದರೆ, ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಪುಟ್ಟ ಮಕ್ಕಳೂ ಆರು ಮಂದಿ ಸಿಬ್ಬಂದಿಯೂ ಹತ್ಯೆಯಾದ ನಾಲ್ಕು ತಿಂಗಳಿಗೆ, 2013ರ ಏಪ್ರಿಲ್ 17ರಂದು, ಬಂದೂಕು ಮೇಳಗಳ ಮತ್ತು ಅಂತರ್ಜಾಲದ ಮೂಲಕ ನಡೆಯುವ ಮಾರಾಟಕ್ಕೆ ತಪಾಸಣೆಯನ್ನು ವಿಸ್ತರಿಸುವ ತಿದ್ದುಪಡಿ ಸೆನೆಟ್‌ನ ಮುಂದೆ ಬಂದಿತ್ತು. ಅದನ್ನು ತಂದವರು ಡೆಮಾಕ್ರಟಿಕ್ ಪಕ್ಷದ ಜೋ ಮ್ಯಾಂಚಿನ್ ಮತ್ತು ರಿಪಬ್ಲಿಕನ್ ಪಕ್ಷದ ಪ್ಯಾಟ್ ಟೂಮಿ. ಪರವಾಗಿ 54, ವಿರುದ್ಧವಾಗಿ 46 ಮತ ಬಿದ್ದವು, ಬೇಕಾಗಿದ್ದದ್ದು 60. ಫಲಿತಾಂಶ ಓದಿದಾಗ, 2011ರಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಬದುಕುಳಿದಿದ್ದ ಮಹಿಳೆಯೊಬ್ಬರು ಗ್ಯಾಲರಿಯಿಂದ "ನಿಮಗೆ ನಾಚಿಕೆಯಾಗಬೇಕು" ಎಂದು ಕೂಗಿದರು.

ಸ್ಯಾಂಡಿ ಹುಕ್‌ನಲ್ಲಿ ಬಳಕೆಯಾದ ಬಂದೂಕುಗಳು ಹಂತಕನ ತಾಯಿ ಕಾನೂನುಬದ್ಧವಾಗಿ ಕೊಂಡವು. ಆ ತಿದ್ದುಪಡಿ ಆ ಮಕ್ಕಳನ್ನು ಉಳಿಸುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತ 48,830 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ. ಅದಕ್ಕೆ ಬಂದೂಕನ್ನು ಬೀಗ ಹಾಕಿ ಇಡಬೇಕೆಂಬ ಕಾನೂನಿನಂಥ ಬೇರೆ ಉಪಾಯಗಳೂ ಬೇಕಾಗುತ್ತವೆ. ಒಂದು ಕಾನೂನು ಎಲ್ಲ ಸಾವುಗಳನ್ನೂ ತಡೆಯಲಾರದು ಎಂಬುದು, ಅದು ತಡೆಯಬಲ್ಲ ಸಾವುಗಳನ್ನೂ ಆಗಗೊಡುವುದಕ್ಕೆ ಕಾರಣವಾಗಬಾರದು.

ಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು ಎಂಬ ವಾದವನ್ನು ನಾನು ಹಗುರಾಗಿ ಕಾಣುವುದಿಲ್ಲ. ನಮ್ಮ ಕೊಡಗಿನಲ್ಲೂ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ, ಶಸ್ತ್ರಾಸ್ತ್ರ ಕಾನೂನಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ವಿಶೇಷ ವಿನಾಯಿತಿ ಇದೆ. ಆ ವಿನಾಯಿತಿಗೂ ಸರ್ಕಾರ ಅವಧಿ ಗೊತ್ತುಮಾಡಿದೆ. ಅಮೆರಿಕದ ಸುಪ್ರೀಂ ಕೋರ್ಟ್ ವೈಯಕ್ತಿಕ ಹಕ್ಕನ್ನು ಎತ್ತಿಹಿಡಿದ 2008ರ ತೀರ್ಪಿನಲ್ಲೇ ಆ ಹಕ್ಕು ಅಪರಿಮಿತವಲ್ಲ ಎಂದಿತ್ತು. ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಅಪಾಯಕಾರಿಯೆಂದು ಕಂಡುಬಂದು ನ್ಯಾಯಾಲಯದ ನಿರ್ಬಂಧಕ್ಕೆ ಒಳಗಾದವರಿಗೆ ಬಂದೂಕು ನಿರಾಕರಿಸಬಹುದೆಂದು 2024ರಲ್ಲಿ 8–1ರಿಂದ ತೀರ್ಪಿತ್ತಿತು. ಹಾಗೆ ನಿರಾಕರಿಸಲ್ಪಟ್ಟವರು ಖಾಸಗಿ ಮಾರಾಟದ ದಾರಿಯಲ್ಲಿ ಬಂದೂಕು ಪಡೆಯುವಂತಿದ್ದರೆ ಆ ತೀರ್ಪಿನ ಬಲ ಎಷ್ಟು ಉಳಿಯುತ್ತದೆ?

ಎರಡೂ ಪಕ್ಷದವರು ಸೇರಿದರೆ ಕೆಲಸವಾಗುತ್ತದೆ ಎಂಬುದಕ್ಕೆ 2022ರ ಜೂನ್ ಸಾಕ್ಷಿ. ಟೆಕ್ಸಸ್ ರಾಜ್ಯದ ಯುವಾಲ್ಡಿಯ ಶಾಲೆಯಲ್ಲಿ ಗುಂಡಿನ ದಾಳಿಗೆ ಹತ್ತೊಂಬತ್ತು ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತ ಒಂದು ತಿಂಗಳಲ್ಲಿ, 21 ತುಂಬದವರಿಗೆ ಹೆಚ್ಚಿನ ತಪಾಸಣೆ ವಿಧಿಸುವ ಕಾನೂನಿಗೆ 65 ಸೆನೆಟರ್‌ಗಳು ಮತ ಕೊಟ್ಟರು. ಖಾಸಗಿ ಮಾರಾಟವನ್ನು ಮಾತ್ರ ಅದು ಪೂರ್ತಿಯಾಗಿ ಒಳಗೊಳ್ಳಲಿಲ್ಲ.

ಅಮೆರಿಕದ ಪೌರರಾಗಿ ಅಲ್ಲೇ ನೆಲೆಸಿರುವ ಕನ್ನಡಿಗರೇ, ನಿಮ್ಮ ರಾಜ್ಯಕ್ಕೆ ಇಬ್ಬರು ಸೆನೆಟರ್‌ಗಳಿದ್ದಾರೆ. ಅವರ ಕಚೇರಿಗೆ ಕರೆ ಮಾಡಿ, ನೀವು ಅವರ ಮತದಾರರೆಂದು ತಿಳಿಸಿ, ಪ್ರತಿ ಮಾರಾಟಕ್ಕೂ ತಪಾಸಣೆ ವಿಧಿಸುವ ಮಸೂದೆಯನ್ನು ಮತಕ್ಕೆ ತರುವಂತೆ ಒತ್ತಾಯಿಸಿ. ಅದು ಬಂದ ದಿನ ಅವರ ಮತ ಯಾವ ಕಡೆಗೆ ಎಂಬುದನ್ನು ಬರಹದಲ್ಲಿ ಕೊಡುವಂತೆ ಕೇಳಿ.