ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಇವತ್ತಿನ ಮಾತು ಹಳೆಯ ಫ್ಯಾಮಿಲಿ ವ್ಯಾನ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆ. ಮಕ್ಕಳ ಸ್ಕೂಲು, ಅಜ್ಜಿಯ ಆಸ್ಪತ್ರೆ, ವರ್ಷಕ್ಕೊಮ್ಮೆ ಧರ್ಮಸ್ಥಳ, ಎಲ್ಲಕ್ಕೂ ಒಂದೇ ಏಳು ಸೀಟಿನ ಗಾಡಿ. ವರ್ಷಗಳು ಕಳೆದ ಮೇಲೆ ಒಂದು ದಿನ ಗೇರ್ ಬೀಳುವಾಗ ಧಡ್ ಅನ್ನುತ್ತದೆ. ಇಲ್ಲವೇ ರೇಸ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗ್ಯಾರೇಜಿಗೆ ಹೋದರೆ ಐದೇ ನಿಮಿಷದಲ್ಲಿ ತೀರ್ಪು ಬರುತ್ತದೆ: "ಸರ್, ಬಾಕ್ಸ್ ಹೋಗಿದೆ, ಇಳಿಸಬೇಕು."

ಐದು ನಿಮಿಷದಲ್ಲಿ ಆ ತೀರ್ಪು ಕೊಡಲು ಆಗುವುದಿಲ್ಲ. ಇದು ನನ್ನ ಖಚಿತ ಅಭಿಪ್ರಾಯ. ಬಾಕ್ಸ್ ಇಳಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಯಾವಾಗ? ಗಾಡಿ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಏರಿನಲ್ಲೋ ಸಮತಟ್ಟಿನಲ್ಲೋ? ಇದಕ್ಕೆ ಉತ್ತರ ಗೊತ್ತಿರುವುದು ದಿನಾ ಗಾಡಿ ಓಡಿಸುವ ನಿಮಗೆ. ಅದನ್ನು ಸರಿಯಾಗಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆ ಅಂತ ತಿಳಿದುಕೊಳ್ಳಿ. ಕ್ಲಚ್ ಪೆಡಲ್ ಇಲ್ಲದಿದ್ದರೆ ಸಾಕು, ನಾವು ಎಲ್ಲವನ್ನೂ ಆಟೋಮ್ಯಾಟಿಕ್ ಅಂದುಬಿಡುತ್ತೇವೆ. ಟ್ರೈಬರ್‌ನಲ್ಲಿ ಬರುವ ಎಎಂಟಿ ಒಳಗೆ ಇರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಕ್ಯಾರೆನ್ಸ್‌ನ ಡಿಸಿಟಿಯಲ್ಲಿ ಎರಡು ಕ್ಲಚ್‌ಗಳಿವೆ. ಸಿವಿಟಿಯಲ್ಲಿ ಬೆಲ್ಟು ಮತ್ತು ಪುಲ್ಲಿ. ನಾನು ಇವತ್ತು ಮಾತಾಡುವುದು ಟಾರ್ಕ್ ಕನ್ವರ್ಟರ್ ಇರುವ ಬಾಕ್ಸ್ ಬಗ್ಗೆ. ಹಳೆಯ ಎರ್ಟಿಗಾದ ನಾಲ್ಕು ಗೇರಿನ ಆಟೋಮ್ಯಾಟಿಕ್, ಇಲ್ಲೇ ಬಿಡದಿಯಲ್ಲಿ ತಯಾರಾಗಿ 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಆರು ಗೇರಿನದು, ಎಕ್ಸ್‌ಯುವಿ 500, ಹೆಕ್ಸಾ, ಇವೆಲ್ಲ ಆ ಗುಂಪಿನವು.

ಇದು ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಲಿ. ಟಾರ್ಕ್ ಕನ್ವರ್ಟರ್ ಒಳಗೆ ಎಂಜಿನ್ ಒಂದು ಎಲೆಗಳಿರುವ ಚಕ್ರವನ್ನು ತಿರುಗಿಸುತ್ತದೆ. ಅದು ಆಯಿಲನ್ನು ಎದುರಿನ ಚಕ್ರದ ಎಲೆಗಳ ಮೇಲೆ ಎಸೆಯುತ್ತದೆ, ಆ ಚಕ್ರ ತಿರುಗಿ ಗೇರ್‌ಗಳಿಗೆ ಶಕ್ತಿ ಕೊಡುತ್ತದೆ. ಜರ್ಮನಿಯ ಹೆರ್ಮಾನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಕಂಡುಹಿಡಿದದ್ದು ಇದು. ಗೇರ್ ಬದಲಿಸಲು ಒಳಗಿರುವ ಕ್ಲಚ್ ಪ್ಲೇಟ್‌ಗಳನ್ನು ಅದುಮುವುದೂ ಆಯಿಲ್ ಒತ್ತಡವೇ. ಆಯಿಲನ್ನು ಯಾವ ಕಡೆ ಬಿಡಬೇಕು ಅಂತ ವಾಲ್ವ್ ಬಾಡಿಯಲ್ಲಿರುವ ಸೊಲೆನಾಯ್ಡ್‌ಗಳು, ಅಂದರೆ ಕರೆಂಟಿನಿಂದ ಕೆಲಸ ಮಾಡುವ ವಾಲ್ವ್‌ಗಳು, ನೋಡಿಕೊಳ್ಳುತ್ತವೆ, ಅವುಗಳಿಗೆ ಕಂಪ್ಯೂಟರ್ ಹೇಳುತ್ತದೆ. ಅಂದರೆ ಶಕ್ತಿ ದಾಟಿಸುವುದು ಆಯಿಲ್, ಒತ್ತುವುದು ಆಯಿಲ್, ತಂಪು ಮಾಡುವುದೂ ಆಯಿಲ್. ಹಾಗಾಗಿ ನಮ್ಮ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಆಯಿಲ್ ಮಟ್ಟ ನೋಡುವುದರಲ್ಲೇ ತುಂಬಾ ಜನ ತಪ್ಪುತ್ತಾರೆ. ಎಂಜಿನ್ ಆಯಿಲನ್ನು ಬೆಳಿಗ್ಗೆ ತಣ್ಣಗಿರುವಾಗ, ಎಂಜಿನ್ ಆಫ್ ಮಾಡಿ ನೋಡುವ ಅಭ್ಯಾಸ ನಮಗೆ. ಇಲ್ಲಿ ಹಾಗಲ್ಲ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಇರುವ ಹೆಚ್ಚಿನ ಬಾಕ್ಸ್‌ಗಳಲ್ಲಿ ಗಾಡಿಯನ್ನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ಮತ್ತೆ ಪಾರ್ಕಿಂಗ್‌ಗೆ ತರಬೇಕು. ಎಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡಬೇಕು. ಹೋಂಡಾದ ಹಲವು ಗಾಡಿಗಳಲ್ಲಿ ಮಾತ್ರ ಬಿಸಿ ಎಂಜಿನ್ ಆಫ್ ಮಾಡಿದ ಕೂಡಲೇ ನೋಡಬೇಕು. ಮ್ಯಾನುಯಲ್ ಪುಸ್ತಕ ತೆಗೆದು ಓದಿ, ದಯವಿಟ್ಟು. ಈಚಿನ ಎಷ್ಟೋ ಬಾಕ್ಸ್‌ಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಗಾಡಿಯನ್ನು ಮಟ್ಟವಾಗಿ ಎತ್ತಿ, ಆಯಿಲ್ ನಿಗದಿತ ಬಿಸಿಗೆ ಬಂದಾಗ ಕೆಳಗಿನ ಚೆಕ್ ಪ್ಲಗ್ ಬಿಚ್ಚಿ ನೋಡಬೇಕು. ಅದು ಮನೆ ಮುಂದೆ ಆಗುವ ಕೆಲಸವಲ್ಲ.

ಕಡ್ಡಿಯ ತುದಿಯ ಆಯಿಲನ್ನು ಬಿಳಿ ಬಟ್ಟೆಗೆ ಒರೆಸಿ. ಹೊಸದು ಸಾಮಾನ್ಯವಾಗಿ ಕೆಂಪಗಿರುತ್ತದೆ. ತಿಳಿ ಕಂದು ಬಣ್ಣ ಬಂದಿದ್ದರೆ ವಯಸ್ಸಾಗಿದೆ ಅಷ್ಟೇ, ಗಾಬರಿ ಬೇಡ. ಕಪ್ಪಾಗಿ, ಸುಟ್ಟ ವಾಸನೆ ಹೊಡೆದರೆ ಕ್ಲಚ್ ಪ್ಲೇಟ್‌ಗಳು ಸವೆದಿವೆ. ಮಟ್ಟ ಕಡಿಮೆಯಿದ್ದರೆ ಪಂಪ್ ಗಾಳಿ ಎಳೆಯುತ್ತದೆ, ಗುಂಯ್ ಅನ್ನುವ ಸದ್ದು ಬರುತ್ತದೆ, ತಿರುವಿನಲ್ಲೋ ಏರಿನಲ್ಲೋ ಗೇರ್ ಜಾರುತ್ತದೆ, ಅಂದರೆ ಎಂಜಿನ್ ಕೂಗಿದರೂ ಗಾಡಿ ಎಳೆಯುವುದಿಲ್ಲ. ಜಾಸ್ತಿಯಾದರೂ ಅಪಾಯವೇ. ತಿರುಗುವ ಗೇರ್‌ಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತುವ ಶಕ್ತಿ ಇಲ್ಲ.

ಇನ್ನೊಂದು ಬಣ್ಣ ಇದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ನಮ್ಮ ಊರಿನಲ್ಲಿ ಅದಕ್ಕೆ ಕಾರಣವೂ ಇದೆ. ಆಯಿಲ್ ರೋಸ್ ಮಿಲ್ಕ್ ಥರ ಕಂಡರೆ ಅದರೊಳಗೆ ನೀರು ಸೇರಿದೆ. ಎಲ್ಲಿಂದ? ಬಹಳಷ್ಟು ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಂಪಾಗುವ ಕೂಲರ್ ರೇಡಿಯೇಟರ್‌ನ ತೊಟ್ಟಿಯ ಒಳಗೇ ಇರುತ್ತದೆ. ಒಂದು ತೆಳು ಲೋಹದ ಗೋಡೆಯ ಆಚೆ ಎಂಜಿನ್ ತಂಪು ಮಾಡುವ ಕೂಲೆಂಟ್, ಈಚೆ ಆಯಿಲ್. ನಮ್ಮಲ್ಲಿ ರೇಡಿಯೇಟರ್‌ನಲ್ಲಿ ಕೂಲೆಂಟ್ ಕಡಿಮೆಯಾದರೆ ಕೈಗೆ ಸಿಕ್ಕ ಬೋರ್‌ವೆಲ್ ನೀರನ್ನೇ ಸುರಿಯುತ್ತೇವೆ. ಬೆಂಗಳೂರಿನ ಬೋರ್ ನೀರು ಎಷ್ಟು ಗಡಸು ಅಂತ ಗೀಸರ್ ಬಿಚ್ಚಿದವರಿಗೆ ಗೊತ್ತು. ಆ ನೀರು ಒಳಗೆ ಉಪ್ಪು ಕಟ್ಟುತ್ತದೆ, ತುಕ್ಕು ಹಿಡಿಸುತ್ತದೆ. ಒಂದು ದಿನ ಆ ಗೋಡೆ ತೂತಾಗುತ್ತದೆ. ಕೂಲೆಂಟ್ ಒಳಗೆ ಹೋದರೆ ಕ್ಲಚ್ ಪ್ಲೇಟ್ ಮೇಲಿನ ಲೈನಿಂಗ್ ಹಿಡಿದಿಟ್ಟ ಅಂಟೇ ಬಿಟ್ಟುಕೊಳ್ಳುತ್ತದೆ. ಆ ಬಣ್ಣ ಕಂಡ ಕ್ಷಣ ಎಂಜಿನ್ ಆಫ್ ಮಾಡಿ. ಗ್ಯಾರೇಜ್‌ವರೆಗೂ ಓಡಿಸಬೇಡಿ. ಹಳೆ ಗಾಡಿ ಇಟ್ಟುಕೊಂಡವರು ರೇಡಿಯೇಟರನ್ನು ಮುಂಚೆಯೇ ಬದಲಿಸಿದರೂ ನಷ್ಟವಿಲ್ಲ. ಬಾಕ್ಸ್ ಕಟ್ಟಿಸುವ ಖರ್ಚಿನಲ್ಲಿ ಅದು ಸಣ್ಣ ಪಾಲು.

ನೀರು ಸೇರಲು ಇನ್ನೊಂದು ದಾರಿ ಮಳೆ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ನೀರು ನಿಂತದ್ದು ನೆನಪಿದೆ ಅಲ್ವಾ? ಗೇರ್‌ಬಾಕ್ಸ್‌ಗೆ ಉಸಿರಾಡಲು ಒಂದು ಬ್ರೀದರ್ ಇರುತ್ತದೆ. ಬಿಸಿ ಬಾಕ್ಸ್ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಅದರ ಮೂಲಕ ನೀರು ಒಳಗೆ ಬರಬಹುದು. ಬೇಸ್‌ಮೆಂಟಿನಲ್ಲಿ ಗಾಡಿ ನೀರಿನಲ್ಲಿ ನಿಂತಿದ್ದರೆ ಎಂಜಿನ್ ಆಯಿಲ್ ಜೊತೆ ಇದನ್ನೂ ನೋಡಿಸಿ.

ಈಗ 'ಯಾವಾಗ' ಪ್ರಶ್ನೆಗೆ ಬರೋಣ.

ಬೆಳಿಗ್ಗೆ ಡ್ರೈವ್‌ಗೆ ಹಾಕಿದರೆ ಎರಡು ಮೂರು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಧಡ್ ಅಂತ ಹಿಡಿಯುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಹೀಗಿದ್ದರೆ ಮೊದಲು ಆಯಿಲ್ ಮಟ್ಟ, ಆಮೇಲೆ ಒಳಗಿನ ರಬ್ಬರ್ ಸೀಲ್‌ಗಳ ಮೇಲೆ ಅನುಮಾನ. ವಯಸ್ಸಾದ ರಬ್ಬರ್ ಗಟ್ಟಿಯಾಗಿರುತ್ತದೆ, ಬಿಸಿಗೆ ಮೆತ್ತಗಾಗಿ ಕೂರುತ್ತದೆ.

ಇದಕ್ಕೆ ಉಲ್ಟಾ ಕೂಡ ಇದೆ. ಬೆಳಿಗ್ಗೆ ಮನೆಯಿಂದ ಹೊರಟಾಗ ಚೆನ್ನಾಗಿರುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ತೆವಳಿದ ಮೇಲೆ ಜಾರಲು ಶುರು. ಬಿಸಿ ಆಯಿಲ್ ತೆಳುವಾಗಿರುತ್ತದೆ, ಸವೆದ ಜಾಗದಿಂದ ಸೋರಿ ಒತ್ತಡ ಬೀಳುತ್ತದೆ. ಸೊಲೆನಾಯ್ಡ್‌ಗಳು ಬಿಸಿಯಲ್ಲಿ ಕೈಕೊಡುವುದೂ ಇದೆ. ಆದರೆ ಇವೆರಡಕ್ಕಿಂತ ಮೊದಲು ಕೂಲಿಂಗ್ ನೋಡಿ. ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯಾ? ರೇಡಿಯೇಟರ್ ಮುಂದೆ ಧೂಳು, ಹುಳ ಕಟ್ಟಿಕೊಂಡಿದೆಯಾ? ಕೂಲರ್ ಪೈಪ್ ಎಲ್ಲಾದರೂ ಜಜ್ಜಿಹೋಗಿದೆಯಾ? ನಿಂತು ನಿಂತು ಸಾಗುವ ಟ್ರಾಫಿಕ್‌ನಲ್ಲಿ ಕನ್ವರ್ಟರ್ ಒಳಗೆ ಆಯಿಲ್ ಸುಮ್ನೆ ಕಡೆದು ಬಿಸಿಯಾಗುತ್ತಿರುತ್ತದೆ, ಎದುರಿನಿಂದ ಗಾಳಿಯೂ ಬರುವುದಿಲ್ಲ. ಸಾಮಾನ್ಯ ಬಿಸಿ 80ರಿಂದ 95 ಡಿಗ್ರಿ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯಿಲ್ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಸ್ಥೂಲ ಲೆಕ್ಕ. ಏಳು ಜನ, ಮೇಲೆ ಲಗೇಜು, ಶಿರಾಡಿ ಘಾಟಿ ಏರು, ಎಲ್ಲ ಒಟ್ಟಿಗೆ ಬಂದಾಗಲೂ ಇದೇ ಕತೆ. ಏರಿನಲ್ಲಿ ಗೇರ್ ಮೇಲೆ ಕೆಳಗೆ ಓಡಾಡುತ್ತಿದ್ದರೆ ಓವರ್‌ಡ್ರೈವ್, ಅಂದರೆ ಎಲ್ಲಕ್ಕಿಂತ ಮೇಲಿನ ಗೇರ್, ಆಫ್ ಮಾಡಿ ಅಥವಾ ಕೆಳಗಿನ ಗೇರಿನಲ್ಲೇ ಇಡಿ.

ಮೂರನೆಯದು 60-80 ಕಿಲೋಮೀಟರ್ ವೇಗದಲ್ಲಿ, ಹಗುರವಾಗಿ ಕಾಲಿಟ್ಟಾಗ ಬರುವ ನಡುಕ. ರಸ್ತೆಯ ಉಬ್ಬುಗಳ ಮೇಲೆ ಹೋದ ಹಾಗೆ ದಡದಡ ಅನ್ನುತ್ತದೆ. ಇದನ್ನು ಎಂಜಿನ್ ಮಿಸ್ಸಿಂಗ್ ಅಂದುಕೊಂಡು ಸ್ಪಾರ್ಕ್ ಪ್ಲಗ್, ಕಾಯಿಲ್ ಎಲ್ಲ ಬದಲಿಸಿಬಿಡುತ್ತಾರೆ. ಕೆಲವೊಮ್ಮೆ ಅದು ನಿಜವಾಗಿ ಮಿಸ್ಸಿಂಗೇ ಆಗಿರುತ್ತದೆ, ಬಾಕ್ಸ್ ಇಳಿಸಿಬಿಡುತ್ತಾರೆ! ವ್ಯತ್ಯಾಸ ತಿಳಿಯಲು ಒಂದು ದಾರಿ ಇದೆ. ಖಾಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, ನಡುಕ ಬರುತ್ತಿರುವಾಗಲೇ ರೇಸ್ ಬಿಡದೆ ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಪೆಡಲ್ ಮುಟ್ಟಬೇಕು. ಬ್ರೇಕ್ ಸಿಗ್ನಲ್ ಸಿಕ್ಕ ಕೂಡಲೇ ಕಂಪ್ಯೂಟರ್ ಕನ್ವರ್ಟರಿನ ಲಾಕ್-ಅಪ್ ಕ್ಲಚ್, ಅಂದರೆ ಕನ್ವರ್ಟರಿನ ಎರಡು ಚಕ್ರಗಳನ್ನು ನೇರವಾಗಿ ಬೆಸೆಯುವ ಕ್ಲಚ್, ಬಿಡಿಸುತ್ತದೆ. ನಡುಕ ತಕ್ಷಣ ನಿಂತರೆ ಲಾಕ್-ಅಪ್ ಮೇಲೆ ಅನುಮಾನ ಗಟ್ಟಿ. ನಿಲ್ಲದಿದ್ದರೆ ಎಂಜಿನ್ ಕಡೆ ಅಥವಾ ಆಕ್ಸಲ್ ಕಡೆ ನೋಡಿ. ಇದನ್ನು ಅನುಭವ ಇರುವ ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದು ಒಳ್ಳೆಯದು. ಲಾಕ್-ಅಪ್ ನಡುಕ ಎಷ್ಟೋ ಸಲ ಹಳಸಿದ ಆಯಿಲ್‌ನಿಂದಲೇ ಬರುತ್ತದೆ, ಸರಿಯಾದ ಆಯಿಲ್ ಬದಲಿಸಿದರೆ ಹೋಗುತ್ತದೆ.

ಜಾರುವುದು ಯಾವ ಗೇರಿನಲ್ಲಿ ಅನ್ನುವುದನ್ನೂ ಗಮನಿಸಿ. ಒಳಗಿನ ಹಲವು ಕ್ಲಚ್‌ಗಳು ಒಂದಕ್ಕಿಂತ ಹೆಚ್ಚು ಗೇರ್‌ಗಳಿಗೆ ಕೆಲಸ ಮಾಡುತ್ತವೆ. ಹಲವು ಹಳೆಯ ಬಾಕ್ಸ್‌ಗಳಲ್ಲಿ ಮೂರನೇ ಗೇರಿಗೂ ರಿವರ್ಸಿಗೂ ಒಂದೇ ಕ್ಲಚ್. ಎರಡೂ ಜಾರುತ್ತಿದ್ದರೆ ಕಳ್ಳ ಯಾರು ಅಂತ ಬಿಚ್ಚದೆಯೇ ಹೇಳಬಹುದು. ಒಳ್ಳೆ ಮೆಕ್ಯಾನಿಕ್ ಬಳಿ ಆ ಬಾಕ್ಸಿನ ಚಾರ್ಟ್ ಇರುತ್ತದೆ, ಕೇಳಿ.

ಕರೆಂಟಿನ ವಿಷಯ. ಗಾಡಿ ಇದ್ದಕ್ಕಿದ್ದಂತೆ ಒಂದೇ ಗೇರಿನಲ್ಲಿ, ಹಲವು ಗಾಡಿಗಳಲ್ಲಿ ಎರಡನೆಯದರಲ್ಲೋ ಮೂರನೆಯದರಲ್ಲೋ, ಸಿಕ್ಕಿಕೊಂಡು ಪಿಕಪ್ ಹೋದರೆ ಅದು ಲಿಂಪ್ ಮೋಡ್. ಕಂಪ್ಯೂಟರ್ ಬಾಕ್ಸನ್ನು ಕಾಪಾಡಲು ಹಾಗೆ ಮಾಡುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ ಅಂದರೆ ವೈರಿಂಗ್, ಕನೆಕ್ಟರ್, ಸೆನ್ಸರ್ ಕಡೆ ಮೊದಲು ನೋಡಬೇಕು. ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್ ನೋಡಿ. ಎಂಜಿನ್ ಓಡುವಾಗ ಚಾರ್ಜಿಂಗ್ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ. ಲಿವರ್ ಪಾರ್ಕಿಂಗ್‌ನಿಂದ ಅಲುಗಾಡುತ್ತಲೇ ಇಲ್ಲವೇ? ಹಿಂದೆ ಹೋಗಿ ಬ್ರೇಕ್ ಲೈಟ್ ಹತ್ತುತ್ತದಾ ನೋಡಿ. ಬ್ರೇಕ್ ಸ್ವಿಚ್ಚೋ ಒಂದು ಫ್ಯೂಸೋ ಹೋಗಿದ್ದರೆ ಲಿವರ್ ಬಿಡುವುದಿಲ್ಲ.

ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ, ಆದರೆ ಕೋಡ್‌ನ ಅರ್ಥ ಕೇಳಿ. ಪಿ0700 ಅಂದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ದೂರು ದಾಖಲಿಸಿದೆ ಅಂತ ಮಾತ್ರ. ಒಳಗಿನ ಕೋಡ್ ಬೇರೆ ಓದಬೇಕು. ಪಿ0715 ಇನ್‌ಪುಟ್ ಸ್ಪೀಡ್ ಸೆನ್ಸರಿನದು, ಪಿ0741 ಲಾಕ್-ಅಪ್‌ನದು. ಪಿ0700 ತೋರಿಸಿ ಬಾಕ್ಸ್ ಹೋಗಿದೆ ಅಂದರೆ ಒಪ್ಪಬೇಡಿ.

ಆಯಿಲ್ ಬದಲಿಸುವಾಗ ಕಂಪನಿ ಹೇಳಿದ ದರ್ಜೆಯದೇ ಆಗಬೇಕು. ಎಲ್ಲ ಗಾಡಿಗೂ ಆಗುತ್ತೆ ಅನ್ನುವ ಮಾತು ನಂಬಬೇಡಿ, ಸಿವಿಟಿ ಆಯಿಲನ್ನಂತೂ ಇದರಲ್ಲಿ ಹಾಕಲೇಬಾರದು. ಚೇಂಬರ್‌ನಿಂದ, ಅಂದರೆ ಬಾಕ್ಸಿನ ಅಡಿಯಲ್ಲಿರುವ ಆಯಿಲ್ ತಟ್ಟೆಯಿಂದ, ಬಸಿದರೆ ಹೊರಬರುವುದು ಒಂದು ಪಾಲು ಮಾತ್ರ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ. ಹಾಗಾಗಿ ಸ್ವಲ್ಪ ಓಡಿಸಿ ಇನ್ನೆರಡು ಸಲ ಬಸಿದು ತುಂಬುವುದು ನನಗೆ ಇಷ್ಟವಾದ ಕ್ರಮ. ಎಷ್ಟು ಬಂತೋ ಅಳೆದು ಅಷ್ಟೇ ಹಾಕಿ, ಕೊನೆಗೆ ಮಟ್ಟ ನೋಡಿ. ಮೆಷಿನ್ ಹಾಕಿ ಫ್ಲಷ್ ಮಾಡಿಸುವುದನ್ನು, ಅದರಲ್ಲೂ ಜಾರಲು ಶುರುವಾದ ಬಾಕ್ಸಿನಲ್ಲಿ, ನಾನು ಬೇಡ ಅನ್ನುತ್ತೇನೆ. ಚೇಂಬರ್ ಬಿಚ್ಚುವಾಗ ಎದುರಿಗೇ ನಿಂತಿರಿ. ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಸಹಜ. ಚೂಪು ಲೋಹದ ಚೂರು, ಕಪ್ಪು ಲೈನಿಂಗ್ ತುಂಡು ಇದ್ದರೆ ಆಗ ಬಾಕ್ಸ್ ಇಳಿಸುವ ಮಾತು ನ್ಯಾಯವಾದದ್ದು. ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಗಾಡಿ ನಿಂತೇಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಬಾಕ್ಸ್ ಒಳಗಿನ ಪಂಪ್ ತಿರುಗುವುದು ಎಂಜಿನ್ನಿಂದ. ಎಂಜಿನ್ ಆಫ್ ಇದ್ದು ಚಕ್ರ ಮಾತ್ರ ತಿರುಗಿದರೆ ಒಳಗೆ ಆಯಿಲ್ ಹರಿಯುವುದಿಲ್ಲ. ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಕರೆಸಿ.

ಕೊನೆಗೆ ಸೆಕೆಂಡ್ ಹ್ಯಾಂಡ್ ಬಾಕ್ಸ್ ಬಗ್ಗೆ ಎರಡು ಮಾತು. ಜೆಸಿ ರೋಡಿನಲ್ಲೋ ಶಿವಾಜಿನಗರದ ಗುಜರಿಯಲ್ಲೋ ವಿಚಾರಿಸುವ ಮೊದಲು ನಿಮ್ಮ ಬಾಕ್ಸ್ ಮೇಲಿನ ಪ್ಲೇಟಿನ ನಂಬರ್ ಬರೆದುಕೊಳ್ಳಿ. ಮಾಡೆಲ್ ಒಂದೇ ಆದರೂ ವರ್ಷ, ಎಂಜಿನ್ ಬೇರೆಯಾದರೆ ಬಾಕ್ಸ್ ಹೊಂದದಿರಬಹುದು. ಹಳೆ ಬಾಕ್ಸ್ ಒಳಗೆ ಪುಡಿಯಾಗಿದ್ದರೆ ಕೂಲರ್ ಮತ್ತು ಅದರ ಪೈಪ್‌ಗಳನ್ನು ತೊಳೆಸದೆ, ಅಥವಾ ಬದಲಿಸದೆ, ಬೇರೆ ಬಾಕ್ಸ್ ಕೂರಿಸಲು ಬಿಡಬೇಡಿ. ಅಲ್ಲಿ ಉಳಿದ ಚೂರು ನೇರವಾಗಿ ಹೊಸದರೊಳಗೆ ಹೋಗುತ್ತದೆ.

ಹೊರಗೆ ಪಾರ್ಕಿಂಗ್‌ನಲ್ಲಿ ಡಿಪ್‌ಸ್ಟಿಕ್ ಇರುವ ಒಂದು ವ್ಯಾನ್ ನಿಲ್ಲಿಸಿದ್ದೇನೆ, ಎಂಜಿನ್ ಇನ್ನೂ ಓಡುತ್ತಿದೆ. ಬಿಳಿ ಬಟ್ಟೆಯೂ ತಂದಿದ್ದೇನೆ. ಬನ್ನಿ, ಒಬ್ಬೊಬ್ಬರಾಗಿ ಕಡ್ಡಿ ಎಳೆದು ನೋಡಿ. ನಿಮ್ಮ ಗಾಡಿಯ ಪ್ರಶ್ನೆಗಳನ್ನು ಅಲ್ಲೇ ಕೇಳಿ. ಕೇಳುವಾಗ ಅದು ಯಾವಾಗ ಆಗುತ್ತದೆ ಅನ್ನುವುದನ್ನು ಮೊದಲು ಹೇಳಿ.